ಬ್ಯಾಡಗಿ ಹಾಕಿದರೆ ಬಣ್ಣ ಬರುತ್ತೆ, ಖಾರ ಬರಲ್ಲ: ಮನೆಯಲ್ಲಿ ಹಾಟ್ ಸಾಸ್ ಮಾಡೋರು ಯಾರಿದ್ದೀರಿ?

ಚೈತ್ರಾ_ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಹಾಟ್ ಸಾಸ್ ಮಾಡಿ ಬಾಟಲಿಗೆ ತುಂಬೋದರ ಬಗ್ಗೆ ಕೇಳಬೇಕಿತ್ತು. ಅಂಗಡಿಯಲ್ಲಿ ಸಿಗುವ ರೆಡ್ ಚಿಲ್ಲಿ ಸಾಸ್ ಥರದ್ದಲ್ಲ, ಅದರಲ್ಲಿ ಸಕ್ಕರೆ, ಕಾರ್ನ್‌ಫ್ಲೋರ್‌ದೇ ದರ್ಬಾರು. ನನಗೆ ಮೆಣಸಿನಕಾಯಿ ರುಚಿ ಮುಂದೆ ನಿಲ್ಲಬೇಕು. ಮೊಟ್ಟೆ, ಪಿಜ್ಜಾ, ಸೆಟ್ ದೋಸೆ, ಯಾವುದರ ಮೇಲಾದರೂ ನಾಲ್ಕು ಹನಿ ಹಾಕಿಕೊಳ್ಳುವ ಹಾಗಿರಬೇಕು.

ಈಗ ಮಾಡುತ್ತಿರುವುದು ಹೀಗೆ. ಒಣ ಬ್ಯಾಡಗಿ ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಉಪ್ಪು, ಚೂರು ಬೆಲ್ಲ, ವಿನೆಗರ್ ಹಾಕಿ ರುಬ್ಬಿ, ಕುದಿಸಿ, ಸೋಸಿ ಬಾಟಲಿಗೆ ತುಂಬುತ್ತೇನೆ. ಬಣ್ಣ ಸೂಪರ್. ಖಾರ ಮಾತ್ರ ನಾಲಿಗೆಗೆ ಗೊತ್ತೇ ಆಗಲ್ಲ. ಗುಂಟೂರು ಬೆರೆಸಿದರೆ ಖಾರ ಬರುತ್ತೆ, ಜೊತೆಗೆ ಒಂಥರಾ ಕಹಿನೂ ಬರುತ್ತೆ. ಇನ್ನೊಂದು ತಲೆನೋವು ಅಂದರೆ ಎರಡು ದಿನ ಇಟ್ಟರೆ ಮೇಲೆ ನೀರು, ಕೆಳಗೆ ಗಟ್ಟಿ.

ಯಾವ ಮೆಣಸಿನಕಾಯಿ ಹಾಕಬೇಕು, ಹುಳಿ ಬರಿಸಿ ಮಾಡೋ ಸಾಸ್ ನಮ್ಮ ಹವೆಗೆ ಆಗುತ್ತಾ, ಎಷ್ಟು ದಿನ ಇಡಬಹುದು, ಇಷ್ಟು ಹೇಳಿ. ಚೆನ್ನಾಗಿ ಬಂದರೆ ಭಾನುವಾರದ ಸಂತೆಯಲ್ಲಿ ಒಂದಷ್ಟು ಬಾಟಲಿ ಇಡೋಣ ಅಂತ ಆಸೆ ಇದೆ. "ಇದಕ್ಕೆಲ್ಲ ಇಷ್ಟು ರಾದ್ಧಾಂತ ಯಾಕೆ, ಕೆಂಪು ಚಟ್ನಿ ಮಾಡಿಟ್ಟುಕೋ" ಅಂತ ಅಮ್ಮ ದಿನಾ ಹೇಳ್ತಾರೆ, ಅದು ಬೇರೆ ವಿಷಯ.

ಹಾವೇರಿ_ಮೆಣಸು

ಚೈತ್ರಾ ಅವರೇ, ಬ್ಯಾಡಗಿಗೆ ಖಾರ ಕೊಡು ಅಂತ ಕೇಳಿದರೆ ಅದು ಎಲ್ಲಿಂದ ತರಬೇಕು ಹೇಳಿ! ನಮ್ಮ ಕಡೆ ಅದನ್ನು ಬೆಳೆಯೋದೇ ಬಣ್ಣಕ್ಕೆ, ರುಚಿಗೆ. ಖಾರ ಅಳೆಯುವ ಸ್ಕೋವಿಲ್ ಅಳತೆಯಲ್ಲಿ ಸಾಮಾನ್ಯವಾಗಿ 8,000ದಿಂದ 15,000 ಅಂತಾರೆ. ಗುಂಟೂರು ಸನ್ನಂ 35,000–40,000ದ ಆಸುಪಾಸು. ಬ್ಯಾಡಗಿಯ ದೊಡ್ಡ ಪಾಲು ಅಡುಗೆಮನೆಗೆ ಹೋಗೋದೇ ಇಲ್ಲ, ಬಣ್ಣ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗೆ ಹೋಗುತ್ತದೆ. 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಗುರುತು, ಸಿಕ್ಕಿದ್ದು ಇದೇ ಗುಣಕ್ಕೆ.

ಬ್ಯಾಡಗಿ ಅಂದರೂ ಎಲ್ಲಾ ಒಂದೇ ಅಲ್ಲ. ಕಡ್ಡಿ ಅಂದರೆ ಉದ್ದ, ಸಣಕಲು, ಮೈತುಂಬ ಸುಕ್ಕು. ಡಬ್ಬಿ ಅಂದರೆ ಗಿಡ್ಡ, ಉಬ್ಬಿದ್ದು. ಸಾಸಿಗೆ ಡಬ್ಬಿ ಸಿಕ್ಕರೆ ಬಿಡಬೇಡಿ, ರುಚಿಯಲ್ಲಿ ನನ್ನ ಓಟು ಅದಕ್ಕೇ. ಈಗ ಮಾರ್ಕೆಟ್ಟಿಗೆ 2043, 5531 ಅಂತ ನಂಬರಿನ ಹೈಬ್ರಿಡ್ ರಾಶಿ ರಾಶಿ ಬರುತ್ತದೆ. 2043 ಬಣ್ಣದಲ್ಲಿ ಬ್ಯಾಡಗಿಗೆ ಹತ್ತಿರ. 5531 ಖಾರದ್ದು. ಊರಾಚೆ ಚಿಲ್ಲರೆ ಅಂಗಡಿಯಲ್ಲಿ ಎಲ್ಲದಕ್ಕೂ ಬ್ಯಾಡಗಿ ಅಂತಲೇ ಚೀಟಿ ಅಂಟಿಸಿರುತ್ತಾರೆ. ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಸ್ವಲ್ಪ ಬಗ್ಗಬೇಕು, ತೊಟ್ಟು ಗಟ್ಟಿಯಾಗಿರಬೇಕು, ಬೀಜ ಬಂಗಾರದ ಬಣ್ಣ ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೇ ಮಾಲು. ಬಣ್ಣ ಬೆಳಕಿಗೆ, ಗಾಳಿಗೆ ಹೋಗಿಬಿಡುತ್ತೆ, ಅದಕ್ಕೇ ನಮ್ಮೂರಿನ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರೋದು. ತಂದಿದ್ದನ್ನು ನೀವೂ ಫ್ರಿಜ್ಜಿನಲ್ಲೇ ಇಡಿ.

ಇನ್ನೊಂದು ಮಾತು. ಹುಳಿ ಬರಿಸಿದ ಸಾಸ್ ಅಂತ ಎಲ್ಲರೂ ಹೊಸದೇನೋ ಅನ್ನೋ ಥರ ಮಾತಾಡ್ತಾರೆ. ನಮ್ಮ ಮನೆಗಳಲ್ಲಿ ಹಣ್ಣು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ನಿಂಬೆಹುಳಿ ಹಾಕಿ ಕುಟ್ಟಿ ಭರಣಿಯಲ್ಲಿ ಇಡುವ ರಂಜಕ ಇದೆಯಲ್ಲ, ಅದನ್ನು ತೆಳ್ಳಗೆ ಮಾಡಿ ಸೋಸಿದರೆ ಹೆಚ್ಚುಕಡಿಮೆ ಅದೇ. ನಿಮ್ಮ ಅಮ್ಮ ಹೇಳೋದರಲ್ಲಿ ಅರ್ಥ ಇದೆ ರೀ.

ಹ್ಯೂಸ್ಟನ್_ರಘು

ರಂಜಕದ ಮಾತು ನೂರಕ್ಕೆ ನೂರು ನಿಜ. ನಾನು ಇಲ್ಲಿ ಟೆಕ್ಸಾಸಲ್ಲಿ ಹಿತ್ತಲಲ್ಲಿ ಬೆಳೆದು ಸಾಸ್ ಮಾಡ್ತೀನಿ, ಆಫೀಸಿನವರೇ ಗಿರಾಕಿಗಳು, ದುಡ್ಡು ಮಾತ್ರ ಯಾರೂ ಕೊಡಲ್ಲ.

ಟಬಾಸ್ಕೊ ಉದಾಹರಣೆ ತಗೊಳ್ಳಿ. ಲೂಯಿಸಿಯಾನಾದ ಏವರಿ ಐಲೆಂಡ್‌ನಲ್ಲಿ ಎಡ್ಮಂಡ್ ಮ್ಯಾಕಿಲ್ಹೆನಿ 1868ರಲ್ಲಿ ಶುರು ಮಾಡಿದ್ದು. ಒಳಗೆ ಇರೋದು ಮೂರೇ ಪದಾರ್ಥ: ಮೆಣಸಿನಕಾಯಿ, ಉಪ್ಪು, ವಿನೆಗರ್. ಹಣ್ಣು ಮೆಣಸಿನಕಾಯನ್ನು ಉಪ್ಪಿನ ಜೊತೆ ಅರೆದು ಓಕ್ ಮರದ ಪೀಪಾಯಿಯಲ್ಲಿ ಮೂರು ವರ್ಷದವರೆಗೆ ಇಡ್ತಾರೆ, ಆಮೇಲೆ ವಿನೆಗರ್ ಬೆರೆಸಿ ಕಲಕಿ ಸೋಸುತ್ತಾರೆ. ಗಮನಿಸಬೇಕಾದ್ದು ಏನಂದ್ರೆ ಆ ಕಾಯಿ 30,000–50,000 ಸ್ಕೋವಿಲ್ ಇದ್ದರೂ ಬಾಟಲಿಯ ಸಾಸ್ ಬರೀ 2,500–5,000. ವಿನೆಗರ್, ನೀರು ಸೇರಿದಷ್ಟೂ ಖಾರ ಇಳಿಯುತ್ತೆ. ಅಂದಮೇಲೆ 10,000ದ ಬ್ಯಾಡಗಿಯಿಂದ ಶುರು ಮಾಡಿದರೆ ಕೊನೆಗೆ ಉಳಿಯೋದು ಎಷ್ಟು, ನೀವೇ ಲೆಕ್ಕ ಹಾಕಿ.

ನನ್ನ ಸಲಹೆ, ಒಂದೇ ಕಾಯಿಯಿಂದ ಬಣ್ಣ, ಖಾರ, ಪರಿಮಳ ಮೂರನ್ನೂ ಕೇಳಬೇಡಿ. ಬಣ್ಣಕ್ಕೆ ಬ್ಯಾಡಗಿ ಇರಲಿ. ಮೈ ತುಂಬೋಕೆ ತಾಜಾ ಕೆಂಪು ಹಣ್ಣು ಮೆಣಸಿನಕಾಯಿ, ದಪ್ಪ ಸಿಪ್ಪೆಯದ್ದು. ಖಾರಕ್ಕೆ ಗಾಂಧಾರಿ ಅಥವಾ ಹ್ಯಾಬನೆರೊ, ಸ್ವಲ್ಪವೇ. ಹ್ಯಾಬನೆರೊ 1 ಲಕ್ಷದಿಂದ 3.5 ಲಕ್ಷದವರೆಗೂ ಹೋಗುತ್ತೆ, ಆದರೆ ಅದನ್ನು ಹಾಕೋದು ಖಾರಕ್ಕಿಂತ ಅದರ ಹಣ್ಣಿನ ವಾಸನೆಗೆ. ಕ್ಯಾಪ್ಸಿಕಂ ಚೈನೆನ್ಸ್ ಜಾತಿಯ ಗುಣವೇ ಅದು. ಜಮೈಕಾದ ಸ್ಕಾಚ್ ಬಾನೆಟ್, ನಮ್ಮ ಈಶಾನ್ಯದ ಭೂತ್ ಜೊಲೊಕಿಯಾ ಎಲ್ಲಾ ಅದೇ ಬಳಗ. ಬೆಲೀಜ್ ಕಡೆ ಹ್ಯಾಬನೆರೊಗೆ ಕ್ಯಾರೆಟ್ ಬೇಯಿಸಿ ಸೇರಿಸುತ್ತಾರೆ. ಖಾರದ ಅಂಚು ಮೆತ್ತಗಾಗುತ್ತೆ, ಸಾಸ್ ಗಟ್ಟಿನೂ ಬರುತ್ತೆ, ಕಾರ್ನ್‌ಫ್ಲೋರ್ ಬೇಕಾಗಲ್ಲ. ನನ್ನ ಫೇವರಿಟ್ ಅದೇ, ನೀರಿನಂಥ ತೆಳು ವಿನೆಗರ್ ಸಾಸ್‌ಗಳು ನನಗೆ ಅಷ್ಟಕ್ಕಷ್ಟೆ.

ಹುಳಿ ಬರಿಸೋದು: ಕಾಯಿ, ಬೆಳ್ಳುಳ್ಳಿ, ಕ್ಯಾರೆಟ್ ಎಲ್ಲಾ ಸೇರಿಸಿ ತೂಗಿ, ಒಟ್ಟು ತೂಕದ ಶೇ 2.5–3 ಉಪ್ಪು. ಒಂದು ಕೆಜಿಗೆ 25–30 ಗ್ರಾಂ. ಚಮಚದ ಲೆಕ್ಕ ಬೇಡ, ಕಲ್ಲುಪ್ಪಿನ ಚಮಚ ಬೇರೆ, ಪುಡಿ ಉಪ್ಪಿನ ಚಮಚ ಬೇರೆ. ತರಿತರಿ ಅರೆದು ಗಾಜಿನ ಜಾಡಿಗೆ ಮುಕ್ಕಾಲು ಭಾಗ ತುಂಬಿ. ದಿನಾ ಒಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ. ಮೇಲೆ ಎದ್ದು ಬಂದ ತಿರುಳನ್ನು ಚೊಕ್ಕ ಚಮಚದಿಂದ ಒತ್ತಿ ಕೆಳಗೆ ಕೂರಿಸಿ, ಒಣಗಿ ಗಾಳಿಗೆ ತೆರೆದಿರಬಾರದು. ಮೈಸೂರು ಹವೆಗೆ ಎರಡು ವಾರ ಸಾಕು. ಮೇಲೆ ಬಿಳಿ ತೆಳು ಪೊರೆ ಕಟ್ಟಿದರೆ ಅದು ಒಂಥರಾ ಯೀಸ್ಟ್, ತೆಗೆದು ಹಾಕಿ ಮುಂದುವರಿಸಬಹುದು. ಹತ್ತಿಯ ಹಾಗೆ ರೋಮ ಬಂದರೆ, ಹಸಿರು ಕಪ್ಪು ಬಣ್ಣ ಬಂದರೆ ಪೂರ್ತಿ ಜಾಡಿ ತಿಪ್ಪೆಗೆ.

ಬರೀ ಒಣಮೆಣಸಿನಕಾಯಿ ಇಟ್ಟರೆ ಹುಳಿ ಸರಿಯಾಗಿ ಏಳಲ್ಲ. ತಾಜಾದ್ದು ಏನಾದರೂ ಇರಲೇಬೇಕು, ಹುಳಿ ಬರಿಸೋ ಬ್ಯಾಕ್ಟೀರಿಯಾ ಬರೋದೇ ಅದರಿಂದ.

ಗುಂಡ_ಬೆಂಗ್ಳೂರು

ಇಷ್ಟೆಲ್ಲ ಯಾಕೆ ಗುರು, ಎರಡು ಕ್ಯಾರೊಲಿನಾ ರೀಪರ್ ಹಾಕಿ ಮುಗಿಸಿ 🔥🔥 ಆನ್‌ಲೈನಲ್ಲಿ ಬೀಜ ಸಿಗುತ್ತೆ.

ಹ್ಯೂಸ್ಟನ್_ರಘು

ಗುಂಡಣ್ಣ, ಆನ್‌ಲೈನ್ ಬೀಜದ ಕಥೆ ಕೇಳಬೇಡಿ. ಊರಲ್ಲಿ ನಮ್ಮ ಭಾವ ಒಂದು ಕಡೆಯಿಂದ "ರೀಪರ್" ಅಂತ ತರಿಸಿದ ಪೊಟ್ಟಣದಲ್ಲಿ ಹುಟ್ಟಿದ್ದು ಬಜ್ಜಿ ಮೆಣಸಿನಕಾಯಿ. ಆರು ತಿಂಗಳು ನೀರು ಹಾಕಿ ಸಾಕಿದ್ದರು ಪಾಪ.

ನಿಜವಾದ ರೀಪರ್ ಸೌತ್ ಕ್ಯಾರೊಲಿನಾದ ಎಡ್ ಕರ್ರಿ ಬೆಳೆಸಿದ್ದು. 2013ರಲ್ಲಿ ಗಿನ್ನೆಸ್ ದಾಖಲೆ, ಆಮೇಲಿನ ಅಳತೆಯಲ್ಲಿ ಸರಾಸರಿ 16,41,183 ಸ್ಕೋವಿಲ್. 2023ರಲ್ಲಿ ಅವರದ್ದೇ ಪೆಪ್ಪರ್ ಎಕ್ಸ್ ಅದನ್ನು ಹಿಂದೆ ಹಾಕಿತು, ಸರಾಸರಿ 26,93,000. ಅದಕ್ಕೂ ಮುಂಚೆ, 2007ರಲ್ಲಿ ಈ ಪಟ್ಟ ನಮ್ಮ ಭೂತ್ ಜೊಲೊಕಿಯಾದ್ದಾಗಿತ್ತು, 10 ಲಕ್ಷ ದಾಟಿದ ಮೊದಲ ಕಾಯಿ ಅಂತ ಗಿನ್ನೆಸ್ ಪುಸ್ತಕಕ್ಕೆ ಹೋಗಿತ್ತು. ಇದೆಲ್ಲ ಓದೋಕೆ ಮಜಾ. ಆದರೆ ಊಟದ ಜೊತೆ ದಿನಾ ಬಳಸುವ ಸಾಸಿಗೆ ರೀಪರ್ ಹಾಕಿದರೆ ಮೊದಲ ಹನಿ ಆದಮೇಲೆ ದೋಸೆನೂ ಒಂದೇ, ರಟ್ಟೂ ಒಂದೇ. ಒಂದು ಬಾಟಲಿಗೆ ಅರ್ಧ ಕಾಯಿ ಹಾಕೋರು ಇದ್ದಾರೆ, ಅದು ಸರಿ.

ಮಡಿಕೇರಿ_ಮಳೆ

ಗಾಂಧಾರಿ ಅಂದ್ರಲ್ಲ, ಅದಕ್ಕೆ ಸೇರಿಸ್ತೀನಿ. ಸೂಜಿ ಮೆಣಸು, ಜೀರಿಗೆ ಮೆಣಸು ಅಂತ ಊರಿಗೊಂದು ಹೆಸರು, ನಮ್ಮಲ್ಲಿ ಪರಂಗಿ ಮಾಲು. ಮೈಸೂರಲ್ಲಿ ಕೊಡಗಿನ ಸಾಮಾನು ಮಾರೋ ಅಂಗಡಿಗಳಲ್ಲಿ ಸಿಗುತ್ತೆ ಚೈತ್ರಾ. ತೋಟದಲ್ಲಿ ಯಾರೂ ನೆಡಲ್ಲ, ಹಕ್ಕಿ ತಿಂದು ಎಲ್ಲೆಲ್ಲೋ ಹಿಕ್ಕೆ ಹಾಕಿ ತಾನೇ ಹುಟ್ಟುತ್ತೆ. ಹಕ್ಕಿಗಳಿಗೆ ಆ ಖಾರ ತಿಳಿಯೋದೇ ಇಲ್ಲ ಅನ್ನೋದು ನಿಜ. ಮನೆಯ ಉಪ್ಪಿನಕಾಯಿ ಭರಣಿಯಿಂದ ಹಿಡಿದು ಎಲ್ಲದಕ್ಕೂ ಇದೇ ನಮಗೆ. ಹಸಿರು, ಬಿಳಿ, ಕೆಂಪು ಎಲ್ಲಾ ಬಣ್ಣದಲ್ಲೂ ಸಿಗುತ್ತೆ. ಸಾಸಿಗೆ ಹಣ್ಣಾದ ಕೆಂಪೇ ಬೇಕು, ಹಸಿರು ಹಾಕಿದರೆ ಬ್ಯಾಡಗಿ ಬಣ್ಣ ಕೆಸರಾಗುತ್ತೆ.

ನಾನು ಮಾಡೋದು ಕೆಂಪು ಸಾಸ್ ಅಲ್ಲ, ಕರಿ ಸಾಸ್. ಹಣ್ಣು ಮೆಣಸಿನಕಾಯಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಬಿಟ್ಟು ಒಣಗಿಸಿ, ಸುಟ್ಟ ಈರುಳ್ಳಿ, ಪರಂಗಿ ಮಾಲು, ಸ್ವಲ್ಪ ಕಾಳುಮೆಣಸು ಸೇರಿಸಿ ಅರೆದು, ಹುಳಿಗೆ ವಿನೆಗರ್ ಬದಲು ಕಾಚಂಪುಳಿ. ಪಂದಿ ಕರಿಗೆ ಹಾಕ್ತೀವಲ್ಲ ಅದೇ, ಹಣ್ಣಿನ ರಸ ಕುದಿಸಿ ಕುದಿಸಿ ಕಪ್ಪಗೆ ಮಾಡಿದ್ದು. ಮೆಕ್ಸಿಕೊದವರು ಹಣ್ಣು ಹಲಪೇನ್ಯೊವನ್ನು ಹೊಗೆಯಲ್ಲಿ ಒಣಗಿಸಿ ಚಿಪೋಟ್ಲೆ ಮಾಡ್ತಾರೆ, ದಾರಿ ಅದೇ, ಕಟ್ಟಿಗೆ ಬೇರೆ ಅಷ್ಟೇ. ಕಾಫಿ ಗಿಡದ ಒಣ ಕಟ್ಟಿಗೆ ಹೊಗೆ ಬಹಳ ಚೆನ್ನಾಗಿರುತ್ತೆ. ಹಸಿ ಕಟ್ಟಿಗೆ ಬೇಡ, ಡಾಂಬರು ವಾಸನೆ ಬರುತ್ತೆ.

ಕಾಚಂಪುಳಿ ಹಾಕಿದರೆ ಕೆಂಪು ಬಣ್ಣದ ಆಸೆ ಬಿಡಬೇಕು. ಹಂದಿಮಾಂಸ, ಅಣಬೆ, ಸುಟ್ಟ ಗೆಣಸು, ಇದಕ್ಕೆಲ್ಲ ಇದರ ಮುಂದೆ ಯಾವ ಬಾಟಲಿನೂ ನಿಲ್ಲಲ್ಲ. ಹೊರಗಿನ ಜನಕ್ಕೆ ಇಷ್ಟ ಆಗುತ್ತೋ ಇಲ್ಲವೋ, ನನಗೇನೂ ಚಿಂತೆ ಇಲ್ಲ.

ಸುಮಾ_ಫುಡ್‌ಟೆಕ್

ಒಳ್ಳೆ ಚರ್ಚೆ. ಮಾರುವ ಯೋಚನೆ ಇದೆ ಅಂದಿದ್ದಕ್ಕೆ ಸ್ವಲ್ಪ ಬೋರಿಂಗ್ ವಿಷಯ ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ.

ಎಲ್ಲಕ್ಕಿಂತ ಮೊದಲು ಪಿಎಚ್ ಮೀಟರ್ ತಗೊಳ್ಳಿ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬೆಳ್ಳುಳ್ಳಿ, ಈರುಳ್ಳಿ, ಕ್ಯಾರೆಟ್ ಎಲ್ಲಾ ಮಣ್ಣಿನಿಂದ ಬರೋವು, ಬೊಟುಲಿಸಂ ಅನ್ನೋ ಪ್ರಾಣಕ್ಕೇ ಕುತ್ತು ತರುವ ಆಹಾರ ವಿಷದ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲೇ ಇರ್ತವೆ. ಕುದಿಸಿದರೂ ಅವು ಸಾಯಲ್ಲ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಮಾತ್ರ ಬೆಳೆದು ವಿಷ ಮಾಡೋಕೆ ಆಗಲ್ಲ. ಮನೆಯಲ್ಲಿ ಮಾಡುವಾಗ 4.6ರ ಅಂಚಿನಲ್ಲಿ ನಿಲ್ಲಬೇಡಿ, 4.0ಕ್ಕಿಂತ ಕೆಳಗೆ ಇಳಿಸಿ, 3.5–3.8 ಇದ್ದರೆ ನೆಮ್ಮದಿ. ಕಾಗದದ ಪಟ್ಟಿಯ ಬಣ್ಣ ನೋಡಿ ಹೇಳ್ತೀನಿ ಅಂದರೆ ಕೆಂಪು ಸಾಸಿನಲ್ಲಿ ಏನೂ ಗೊತ್ತಾಗಲ್ಲ, ಕಾಗದವೇ ಕೆಂಪಾಗುತ್ತೆ. ಮೀಟರನ್ನು 4.0 ಮತ್ತು 7.0ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಸರಿಹೊಂದಿಸಿ, ಸಾಸ್ ಚೆನ್ನಾಗಿ ರುಬ್ಬಿ ಆರಿದ ಮೇಲೆ ಅಳೆಯಿರಿ. ಕಾಚಂಪುಳಿ, ನಿಂಬೆ, ಹುಣಸೆ ಬಳಸುವವರಿಗೂ ಇದೇ ಮಾತು. ಹುಳಿ ಅನ್ನಿಸಿದ ಮಾತ್ರಕ್ಕೆ ನಂಬಬೇಡಿ, ಮನೆಯಿಂದ ಮನೆಗೆ ಅದರ ಗಟ್ಟಿತನ ಬೇರೆ. ವಿನೆಗರ್ ಬಾಟಲಿಯ ಮೇಲೂ ಶೇಕಡಾ ಎಷ್ಟು ಆಮ್ಲ ಅಂತ ಬರೆದಿರುತ್ತೆ, ಓದಿ ತಗೊಳ್ಳಿ. ಅಗ್ಗದ ಬಿಳಿ ವಿನೆಗರ್ ಬಹುಪಾಲು ಸಿಂಥೆಟಿಕ್. ಕೆಲಸ ಮಾಡುತ್ತೆ, ಆದರೆ ಮೂಗಿಗೆ ಹೊಡೆಯುತ್ತೆ. ಸೇಬಿನದ್ದೋ ಅಕ್ಕಿಯದ್ದೋ ಹಾಕಿದರೆ ರುಚಿ ದುಂಡಾಗಿರುತ್ತೆ.

ಈಗ ನಿಮ್ಮ ಕಹಿ. ಖಾರ ಬೀಜದಲ್ಲಿದೆ ಅಂತ ಎಲ್ಲರೂ ನಂಬಿದ್ದಾರೆ. ಆದರೆ ಖಾರ ಕೊಡುವ ಕ್ಯಾಪ್ಸೈಸಿನ್ ತಯಾರಾಗೋದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ, ಬೀಜಕ್ಕೆ ಅದು ಮೆತ್ತಿಕೊಂಡಿರುತ್ತೆ ಅಷ್ಟೇ. ಮಿಕ್ಸಿಯಲ್ಲಿ ಜೋರಾಗಿ ರುಬ್ಬಿದಾಗ ಬೀಜ ಒಡೆದು ಕಹಿ ಬಿಡುತ್ತೆ. ಗುಂಟೂರು ಕಾಯಲ್ಲಿ ಬೀಜ ಜಾಸ್ತಿ. ತೊಟ್ಟು, ಬೀಜ ಉದುರಿಸಿ ನೆನೆಸಿ. ಹುರಿಯೋದಾದರೆ ಪರಿಮಳ ಬಂದ ತಕ್ಷಣ ಇಳಿಸಿ, ಕಪ್ಪು ಚುಕ್ಕೆ ಬಿದ್ದರೆ ಅದೂ ಕಹಿ. ನೆನೆಸಿದ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಕಹಿ ಇದ್ದರೆ ಚೆಲ್ಲಿ.

ನೀರು ಬೇರೆ ಆಗೋದು: ಕಾಯಿಯ ಸಿಪ್ಪೆ ಚೂರು ಭಾರ, ಕೆಳಗೆ ಕೂರುತ್ತೆ. ಇನ್ನೂ ನುಣ್ಣಗೆ ರುಬ್ಬಿ, ನೀರು ಕಡಿಮೆ ಮಾಡಿ, ರಘು ಹೇಳಿದ ಬೇಯಿಸಿದ ಕ್ಯಾರೆಟ್ ಹಾಕಿ. ಆದರೂ ಒಡೆದರೆ ಕ್ಸಾಂಥನ್ ಗಮ್ ಅನ್ನೋ ಗಟ್ಟಿ ಮಾಡುವ ಪುಡಿ, ಒಂದು ಕೆಜಿ ಸಾಸಿಗೆ 1–2 ಗ್ರಾಂ ಮಾತ್ರ, ಮಿಕ್ಸಿ ತಿರುಗುತ್ತಿರುವಾಗಲೇ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಂದೇ ಸಲ ಹಾಕಿದರೆ ಗಂಟು. ಜಾಸ್ತಿ ಹಾಕಿದರೆ ಲೋಳೆ. ಸೋಸೋಕೆ ಬಟ್ಟೆ ಬೇಡ, ಜಾಲರಿ ಸಾಕು. ಬ್ಯಾಡಗಿಯ ಕೆಂಪು ನೀರಿನಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ಬಟ್ಟೆಯಲ್ಲಿ ಹಿಂಡಿದರೆ ಸಿಪ್ಪೆಯ ಜೊತೆ ಬಣ್ಣವೂ ಬಟ್ಟೆಯಲ್ಲೇ ಉಳಿಯುತ್ತೆ.

ಬಾಟಲಿ, ಮುಚ್ಚಳ ಬಿಸಿನೀರಲ್ಲಿ ಕುದಿಸಿ, ಸಾಸನ್ನು 85 ಡಿಗ್ರಿಗೆ ಬಿಸಿ ಮಾಡಿ ಬಿಸಿಯಲ್ಲೇ ತುಂಬಿ, ಮುಚ್ಚಿ ಎರಡು ಮೂರು ನಿಮಿಷ ತಲೆಕೆಳಗೆ ಇಡಿ. ಹುಳಿ ಬಂದ ಮೇಲೆ ಮಾವು, ಅನಾನಸ್, ಬೆಲ್ಲ ಏನಾದರೂ ಸೇರಿಸಿದರೆ ಈ ಬಿಸಿ ಮಾಡುವುದನ್ನು ಬಿಡಲೇಬೇಡಿ. ಸಕ್ಕರೆ ಸಿಕ್ಕರೆ ಬಾಟಲಿಯೊಳಗೆ ಮತ್ತೆ ಹುಳಿ ಏಳುತ್ತೆ, ಮುಚ್ಚಳ ಹಾರುತ್ತೆ, ಗಾಜು ಒಡೆಯೋದೂ ಉಂಟು.

ಮಾರೋದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಸಂತೆಯಲ್ಲಿ ಹತ್ತು ಬಾಟಲಿ ಇಟ್ಟರೂ ಬೇಕು. ಲೇಬಲ್ ಮೇಲೆ ಪದಾರ್ಥಗಳು, ತೂಕ, ಬ್ಯಾಚ್, ತಯಾರಾದ ದಿನ, ಬಳಸಬೇಕಾದ ಕೊನೆ ದಿನ, ಹಸಿರು ಚುಕ್ಕೆ, ನಿಮ್ಮ ವಿಳಾಸ. ಎಷ್ಟು ತಿಂಗಳು ಬರುತ್ತೆ ಅನ್ನೋದನ್ನು ಒಮ್ಮೆ ಲ್ಯಾಬಿಗೆ ಕೊಟ್ಟು ತಿಳಿದುಕೊಂಡು ಬರೆಯಿರಿ, ಅಂದಾಜಿಗೆ ಬೇಡ.

ಚೈತ್ರಾ_ಮೈಸೂರು

ಅಬ್ಬಾ! ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಬಟ್ಟೆಯಲ್ಲಿ ಸೋಸ್ತಾ ಇದ್ದೆ, ಸುಮಾ ಅಕ್ಕ ಹೇಳಿದ್ದು ಓದಿದ ಮೇಲೆ ಆ ಬಟ್ಟೆ ಯಾಕೆ ಅಷ್ಟು ಕೆಂಪಾಗಿರುತ್ತೆ ಅಂತ ಗೊತ್ತಾಯ್ತು 😀 ಪಿಎಚ್ ಮೀಟರ್ ಆರ್ಡರ್ ಮಾಡಿದೆ.

ಇನ್ನೂ ಎರಡು ಪ್ರಶ್ನೆ ಉಳಿದಿವೆ. ಉಪ್ಪಿನಕಾಯಿ ಥರ ಮೇಲೆ ಎಣ್ಣೆ ಸುರಿದಿಟ್ಟರೆ ಜಾಸ್ತಿ ದಿನ ಬರಲ್ವಾ? ಮತ್ತೆ ಟೆರೇಸ್ ಮೇಲೆ ಹ್ಯಾಬನೆರೊ ಬೆಳೆಯೋಣ ಅಂತಿದ್ದೀನಿ. ಪಕ್ಕದಲ್ಲೇ ಕ್ಯಾಪ್ಸಿಕಂ ಗಿಡಗಳಿವೆ, ಅವೂ ಖಾರ ಆಗಿಬಿಡುತ್ತೆ ಅಂತ ಪಕ್ಕದ ಮನೆ ಆಂಟಿ ಹೆದರಿಸ್ತಿದ್ದಾರೆ.

ಸುಮಾ_ಫುಡ್‌ಟೆಕ್

ಎಣ್ಣೆ ಬೇಡ. ಉಪ್ಪಿನಕಾಯಿಯಲ್ಲಿ ಉಪ್ಪು, ಹುಳಿ ಎರಡೂ ಸಿಕ್ಕಾಪಟ್ಟೆ ಇರುತ್ತೆ, ಅದಕ್ಕೆ ನಡೆಯುತ್ತೆ. ಸಾಸಿನಲ್ಲಿ ಅಷ್ಟು ಉಪ್ಪಿಲ್ಲ. ಎಣ್ಣೆ ಗಾಳಿಯನ್ನು ತಡೆಯುತ್ತೆ, ಬೊಟುಲಿಸಂ ಬ್ಯಾಕ್ಟೀರಿಯಾಕ್ಕೆ ಬೇಕಾಗಿರೋದೂ ಗಾಳಿ ಇಲ್ಲದ ಜಾಗವೇ. ಹುಳಿ ಇಲ್ಲದೆ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹಾಕಿ ಹೊರಗಿಡೋದಂತೂ ಮಾಡಲೇಬೇಡಿ.

ಹಾವೇರಿ_ಮೆಣಸು

ಗಿಡದ ವಿಷಯ ನಾನು ಹೇಳ್ತೀನಿ. ಆಂಟಿಗೆ ಧೈರ್ಯ ಹೇಳಿ. ಪಕ್ಕದ ಗಿಡದ ಪರಾಗ ಬಿದ್ದರೂ ಈ ಸಲದ ಕಾಯಿಯ ಖಾರ ಬದಲಾಗಲ್ಲ, ಕಾಯಿ ತಾಯಿ ಗಿಡದ್ದೇ. ಬೆರಕೆ ಆಗೋದು ಒಳಗಿನ ಬೀಜ. ಆ ಬೀಜ ಎತ್ತಿಟ್ಟು ಮುಂದಿನ ಸಲ ಬಿತ್ತಿದರೆ ಮಾತ್ರ ಏನು ಹುಟ್ಟುತ್ತೋ ದೇವರಿಗೇ ಗೊತ್ತು. ಬೀಜ ಬೇಕಿದ್ದರೆ ಒಂದೆರಡು ಹೂವಿಗೆ ಮೊಗ್ಗಿದ್ದಾಗಲೇ ತೆಳು ಬಟ್ಟೆ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ದಾರ ಕಟ್ಟಿ ಗುರುತು ಮಾಡಿ.

ಹ್ಯಾಬನೆರೊ ಮೊಳಕೆ ನಮ್ಮ ಮೆಣಸಿನಕಾಯಿ ಹಾಗೆ ವಾರಕ್ಕೆಲ್ಲ ಬರಲ್ಲ, ಎರಡರಿಂದ ನಾಲ್ಕು ವಾರ ತಗೊಳ್ಳುತ್ತೆ, ಮಣ್ಣು ಬೆಚ್ಚಗಿರಬೇಕು. ಸಸಿ ನಾಟಿ ಮಾಡಿದ ಮೇಲೂ ಹಣ್ಣಿಗೆ ಮೂರು ನಾಲ್ಕು ತಿಂಗಳು. ಎಲೆ ಮುದುರಿದರೆ ಥ್ರಿಪ್ಸ್ ಅಥವಾ ಮೈಟ್ ನುಸಿ, ಶುರುವಲ್ಲೇ ಬೇವಿನೆಣ್ಣೆ ಹೊಡೀರಿ. ಒಂದು ಗಿಡ ಸಾಕು ನಿಮಗೆ, ಎರಡು ಇಟ್ಟರೆ ಹಂಚೋಕೆ ಜನ ಹುಡುಕಬೇಕಾಗುತ್ತೆ.

ಗುಂಡ_ಬೆಂಗ್ಳೂರು

ಸರಿ ಸರಿ, ರೀಪರ್ ಮಾತು ವಾಪಸ್ ತಗೊಂಡೆ 😅 ಆದ್ರೆ ಖಾರ ನೆತ್ತಿಗೇರಿದ್ರೆ ಏನು ಮಾಡೋದು? ನೀರು ಕುಡಿದರೆ ಇನ್ನೂ ಜಾಸ್ತಿ ಆಗುತ್ತೆ ನನಗೆ.

ಮಡಿಕೇರಿ_ಮಳೆ

ನೀರಲ್ಲಿ ಆ ಖಾರ ಕರಗಲ್ಲ, ಬಾಯಿ ತುಂಬ ಹರಡುತ್ತೆ ಅಷ್ಟೇ. ಹಾಲು ಅಥವಾ ಗಟ್ಟಿ ಮೊಸರು ತಗೊಳ್ಳಿ, ಅದರ ಪ್ರೋಟೀನು, ಕೊಬ್ಬು ಖಾರವನ್ನು ಹಿಡಿದು ಎಳೆದುಕೊಂಡು ಹೋಗುತ್ತೆ. ಮತ್ತೆ ಚೈತ್ರಾ, ಗಾಂಧಾರಿ ರುಬ್ಬುವಾಗ ಕೈಗೆ ಗ್ಲೌಸ್ ಹಾಕಿ, ಮಿಕ್ಸಿ ಮುಚ್ಚಳ ತೆಗೆಯುವಾಗ ಮುಖ ಆ ಕಡೆ ತಿರುಗಿಸಿ. ಬಿಸಿ ವಿನೆಗರ್ ಜೊತೆ ಕುದಿಸೋದಂತೂ ಕಿಟಕಿ ಎಲ್ಲಾ ತೆಗೆದು ಮಾಡಿ, ಇಲ್ಲಾಂದ್ರೆ ಮನೆಯವರೆಲ್ಲ ಕೆಮ್ಮುತ್ತಾ ಹೊರಗೆ ಓಡ್ತಾರೆ. ಪರಂಗಿ ಮಾಲು ಅಲ್ಲಿ ಸಿಗದಿದ್ದರೆ ಹೇಳಿ, ಮುಂದಿನ ವಾರ ನಮ್ಮ ಅತ್ತಿಗೆ ಮೈಸೂರಿಗೆ ಬರ್ತಿದ್ದಾರೆ, ಕಾಲು ಕೆಜಿ ಕಳಿಸ್ತೀನಿ.